ಎಂಡೋಮೆಟ್ರಿಯೋಸಿಸ್ ವ್ಯಾಧಿಯ ಕಾರಣವಿಚಾರ

ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯದಲ್ಲಿಯೋ ಕಿಬ್ಬೊಟ್ಟೆಯ ಪೊರೆಯ ಮೇಲೆಯೋ ನೆಲಸಿ, ತೀವ್ರವಾದ ನೋವನ್ನೂ ಕೆಲವರಲ್ಲಿ ಬಂಜೆತನವನ್ನೂ ಉಂಟುಮಾಡುವ ವ್ಯಾಧಿಗೆ ಎಂಡೋಮೆಟ್ರಿಯೋಸಿಸ್ ಎಂದು ಹೆಸರು. ಇದರ ಕಾರಣವನ್ನು ವಿದ್ವಾಂಸರು ಹಿಂದೆ ಎಲ್ಲಿ ಅರಸಿದರು, ಈಗ ಎಲ್ಲಿ ಅರಸುತ್ತಿರುವರು ಎಂಬುದನ್ನು ಕಾಲಕ್ರಮದಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ವ್ಯಾಧಿಯ ಮೊದಲ ವರ್ಣನೆಯನ್ನು 1860ರಲ್ಲಿ ವಿಯೆನ್ನಾ ನಗರದ ರೋಕಿಟಾನ್‌ಸ್ಕಿಯವರು ಬರೆದರೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಈ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ವ್ಯಾಧಿಯ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಆಲ್ಬನಿ ನಗರದ ಸ್ಯಾಂಪ್ಸನ್ನರು. ಮುಟ್ಟಿನ ರಕ್ತವು ಅಂಡನಾಳಗಳ ಮೂಲಕ ಹಿಂದಕ್ಕೆ ಹರಿದು, ತನ್ನೊಡನೆ ಒಳಪೊರೆಯ ಕಣಗಳನ್ನು ಒಯ್ದು ಕಿಬ್ಬೊಟ್ಟೆಯಲ್ಲಿ ಬಿತ್ತುವುದೆಂದು ಅವರು 1927ರಲ್ಲಿ ಪ್ರತಿಪಾದಿಸಿದರು. ಈ ವಾದವು ಇಂದಿಗೂ ಪ್ರಬಲವಾಗಿದೆ. ಆದರೆ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಂಡನಾಳಗಳು ತೆರೆದಿರುವ ಸ್ತ್ರೀಯರ ಪೈಕಿ ನೂರಕ್ಕೆ 90 ಮಂದಿಯಲ್ಲಿ ಈ ಹಿಮ್ಮುಖ ಹರಿವು ಕಂಡುಬಂದಿತು. ರೋಗವಾದರೋ ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಬೀಜವು ಬಹುಮಂದಿಯಲ್ಲಿ ಬಿದ್ದರೂ ಕೆಲವರಲ್ಲಿ ಮಾತ್ರ ಬೇರೂರುವುದೇಕೆ?

ಈ ಪ್ರಶ್ನೆಗೆ ಮೊದಲು ದೊರೆತ ಉತ್ತರವು ಸ್ತ್ರೀಯ ನಡೆವಳಿಯನ್ನು ಕುರಿತದ್ದಾಗಿತ್ತು. 1940ರ ದಶಕದಲ್ಲಿ ಬಾಸ್ಟನ್ನಿನ ಮೀಗ್ಸ್ ಎಂಬ ವೈದ್ಯರು, ಅನುಕೂಲಸ್ಥ ಮನೆತನಗಳಲ್ಲಿ ಮದುವೆಯೂ ಹೆರಿಗೆಯೂ ತಡವಾಗುವುದರಿಂದ ಈ ರೋಗವು ಹೆಚ್ಚುವುದೆಂದು ವಾದಿಸಿದರು. ಉದರವನ್ನು ತೆರೆದು ನೋಡದೆ ರೋಗವನ್ನು ನಿಶ್ಚಯಿಸಲಾಗದ ಆ ಕಾಲದಲ್ಲಿ, ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸಬಲ್ಲವರಲ್ಲಿಯೇ ಅದು ಹೆಚ್ಚಾಗಿ ಕಾಣಬಂದುದು ಆಶ್ಚರ್ಯವಲ್ಲ. ಸಾಕ್ಷ್ಯವು ದೊರೆತ ಕಡೆಯಲ್ಲಿಯೇ ಕಾರಣವಿದೆಯೆಂದು ಭಾವಿಸುವ ದೋಷ ಇತಿಹಾಸಜ್ಞರಿಗೆ ಅಪರಿಚಿತವಲ್ಲ. ನೋವಿನಿಂದ ನರಳುವವಳ ಮೇಲೆಯೇ ತಪ್ಪನ್ನು ಹೊರಿಸಲು ಈ ವಾದವು ಎಡೆಮಾಡಿತು.

ಇನ್ನೊಂದು ಮಾರ್ಗವು ಹಾರ್ಮೋನುಗಳ ಸಂಶೋಧನೆಯಿಂದ ತೆರೆಯಿತು. ಈಸ್ಟ್ರೋಜನ್ನನ್ನು ಜೀವಕೋಶದೊಳಗೆ ಹಿಡಿದುಕೊಳ್ಳುವ ಗ್ರಾಹಕವೊಂದಿದೆ ಎಂಬುದನ್ನು ಶಿಕಾಗೋದ ಎಲ್‌ವುಡ್ ಜೆನ್ಸನ್ನರು 1950ರ ದಶಕದ ಕೊನೆಯಲ್ಲಿ ಆರಂಭಿಸಿದ ಪ್ರಯೋಗಗಳಿಂದ ಸ್ಥಾಪಿಸಿದರು. 1996ರಲ್ಲಿ ಸ್ವೀಡನ್ನಿನಲ್ಲಿ ಬೀಟಾ ಎಂಬ ಎರಡನೆಯ ಗ್ರಾಹಕವು ಗೋಚರವಾಯಿತು. ಹಾರ್ಮೋನು ಎಲ್ಲರಲ್ಲಿಯೂ ಇರುವುದಾದರೂ ಅದಕ್ಕೆ ಓಗೊಡುವ ಗ್ರಾಹಕದಲ್ಲಿ ಭೇದವಿರಬಹುದೇ ಎಂಬ ಶಂಕೆ ಸಹಜವಾಗಿಯೇ ಹುಟ್ಟಿತು. ರೋಗಿಗಳ ತಾಯಿ ಮತ್ತು ಸೋದರಿಯರಲ್ಲಿ ಈ ವ್ಯಾಧಿ ಹೆಚ್ಚೆಂದು 1980ರಲ್ಲಿಯೇ ತಿಳಿದುಬಂದಿತ್ತು; 1999ರ ಆಸ್ಟ್ರೇಲಿಯಾದ ಅವಳಿ ಸೋದರಿಯರ ಅಧ್ಯಯನವು, ರೋಗಕ್ಕೆ ಒಳಗಾಗುವುದರಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧವು ಆನುವಂಶಿಕವೆಂದು ಗಣಿಸಿತು.

ಒಂದೇ ಗ್ರಂಥದ ಹಸ್ತಪ್ರತಿಗಳಲ್ಲಿ ಪಾಠಾಂತರಗಳಿರುವಂತೆ, ಒಂದೇ ಜೀನಿನಲ್ಲಿಯೂ ವ್ಯಕ್ತಿಯಿಂದ ವ್ಯಕ್ತಿಗೆ ಅಲ್ಪಭೇದಗಳುಂಟು. ಈಸ್ಟ್ರೋಜನ್ ಗ್ರಾಹಕದ ಜೀನಿನಲ್ಲಿಯೂ, ಪ್ರೊಜೆಸ್ಟರೋನ್ ಗ್ರಾಹಕದ ಜೀನಿನಲ್ಲಿ ಪ್ರೋಜಿನ್ಸ್ ಎಂಬ ಹೆಸರಿನ 306 ಅಕ್ಷರಗಳ ಪ್ರಕ್ಷೇಪದಲ್ಲಿಯೂ ರೋಗದ ಮೂಲವನ್ನು ಹುಡುಕಿದರು. ಒಂದು ದೇಶದಲ್ಲಿ ಕಂಡ ಸಂಬಂಧವು ಮತ್ತೊಂದರಲ್ಲಿ ಕಾಣದೆಹೋಯಿತು. ಕೆಲವೇ ನೂರು ಜನರ ಪರೀಕ್ಷೆಯಿಂದ ಇಂತಹ ವಿಷಯವು ನಿರ್ಣಯವಾಗದು. 2017ರಲ್ಲಿ 17,045 ರೋಗಿಗಳನ್ನು ಒಳಗೊಂಡ ಪರಿಶೀಲನೆಯು ಈಸ್ಟ್ರೋಜನ್ ಗ್ರಾಹಕದ ಜೀನಿನ ಪ್ರದೇಶಕ್ಕೂ ರೋಗಕ್ಕೂ ಸಂಬಂಧವನ್ನು ತೋರಿಸಿತು. 2023ರ ಪರಿಶೀಲನೆಯಲ್ಲಿ ರೋಗಿಗಳ ಸಂಖ್ಯೆ 60,674ಕ್ಕೇರಿ, ಇಂತಹ 42 ಸ್ಥಾನಗಳು ದೊರೆತವು. ಇವುಗಳಲ್ಲಿ ಒಂದೊಂದರ ಪ್ರಭಾವವೂ ಅಲ್ಪವೇ. ಇದಲ್ಲದೆ ಜೀನಿನ ಅಕ್ಷರಗಳು ಬದಲಾಗದೆಯೇ ರೋಗಸ್ಥ ಅಂಗಾಂಶದಲ್ಲಿ ಬೀಟಾ ಗ್ರಾಹಕವು ಅತಿಯಾಗಿ ಉತ್ಪನ್ನವಾಗುವುದೆಂದೂ ತಿಳಿದುಬಂದಿದೆ.

ಇದರಿಂದ ಸಿದ್ಧವಾಗುವುದೇನೆಂದರೆ, ಈ ವ್ಯಾಧಿಯು ಸ್ತ್ರೀಯ ನಡತೆಯ ಫಲವಲ್ಲ. ಯಾವುದೋ ಒಂದು ಜೀನಿನ ಶಾಸನವೂ ಅಲ್ಲ. ಹಳೆಯ ಆರೋಪವನ್ನು ಬಿಟ್ಟು ಅದರ ಸ್ಥಾನದಲ್ಲಿ ಕುಲದೋಷವೆಂಬ ಹೊಸ ಆರೋಪವನ್ನು ಹೂಡಿದರೆ, ನೂರು ವರ್ಷಗಳ ಸಂಶೋಧನೆಯನ್ನು ನಾವು ತಪ್ಪಾಗಿ ಓದಿದಂತಾಗುವುದು.