ರೈತನ ಕಡೆಗೆ ತಿರುಗಿದ ಪರದೆ

ನಮ್ಮ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಹೊಲದ ಲೆಕ್ಕವೆಲ್ಲ ಒಂದು ಕಾಲಕ್ಕೆ ಶಾನುಭೋಗರ ಪುಸ್ತಕದಲ್ಲಿತ್ತು. 1961ರ ಕಾಯಿದೆಯಿಂದ ಆ ವಂಶಪಾರಂಪರ್ಯದ ಹುದ್ದೆ ಹೋಗಿ ಗ್ರಾಮಲೆಕ್ಕಿಗರು ಬಂದರು. ಪಹಣಿ ಮಾತ್ರ ಕೈಬರಹದಲ್ಲೇ ಉಳಿಯಿತು. ಯಾರ ಹೆಸರು ಬರೆದರು, ಯಾರದು ಬಿಟ್ಟರು ಎಂಬುದು ಹೆಂಗಸರಿಗಂತೂ ತಿಳಿಯುತ್ತಿರಲಿಲ್ಲ.

2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿಗೆ ಒಂದು ಪ್ರತಿ. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಎರಡನೆಯ ಪರದೆಯೊಂದನ್ನು ರೈತರ ಕಡೆಗೆ ತಿರುಗಿಸಿಟ್ಟರು. ಪಾಠ ಹೇಳುವ ನನಗೆ ದೊಡ್ಡದೆನಿಸುವುದು ಅದೇ.

ಈಗ ಪಹಣಿ ಅಂತರ್ಜಾಲದಲ್ಲೇ ಸಿಗುತ್ತದೆ. ಇಂಥ ಪುಟ ಕಟ್ಟುವವರು ಪ್ರತಿಸಲವೂ ಮೊದಲಿನಿಂದ ಶುರುಮಾಡುವುದಿಲ್ಲ. ಹೆಸರಿನ ಚೌಕ, ತಾರೀಖಿನ ಚೌಕ, ಒತ್ತುವ ಗುಂಡಿ ಹೀಗೆ ಒಮ್ಮೆ ಮಾಡಿಟ್ಟ ಬಿಡಿಭಾಗಗಳನ್ನೇ ಬೇಕಾದಲ್ಲಿ ಜೋಡಿಸುತ್ತಾರೆ. ನಮ್ಮೂರಿನ ಜಕಾರ್ಡ್ ಮಗ್ಗದಲ್ಲಿ ಒಂದೇ ಅಂಚಿನ ರಟ್ಟುಗಳು ಎಷ್ಟೋ ಸೀರೆಗೆ ಆಗುವ ಹಾಗೆ. ರಟ್ಟಿನಲ್ಲಿ ತೂತು ತಪ್ಪಿದರೆ ಎಲ್ಲ ಸೀರೆಯಲ್ಲೂ ತಪ್ಪು. ಅದೊಂದನ್ನು ತಿದ್ದಿದರೆ ಮುಂದಿನದೆಲ್ಲ ಸರಿ. ಹೆಸರಿನ ಚೌಕವನ್ನು ಗಿಡ್ಡ ಮಾಡಿಬಿಟ್ಟರೆ ಎಷ್ಟು ತಾಯಂದಿರ ಹೆಸರು ಅರ್ಧಕ್ಕೇ ನಿಂತೀತು, ಯೋಚಿಸಿ!

ನಮ್ಮ ಅಜ್ಜಿಯರಿಗೆ ಪುಸ್ತಕ ತೆರೆದು ತೋರಿಸುವವರಿರಲಿಲ್ಲ. ನಮಗೆ ಕಾಣುತ್ತಿದೆ. ನಿಮ್ಮ ಹೆಸರಿನ ಒಂದೊಂದು ಅಕ್ಷರವನ್ನೂ ಓದಿಕೊಳ್ಳಿ, ಅಕ್ಕಂದಿರೇ.