ಗ್ರೂಪ್ ಫೋಟೋದಿಂದ ಒಬ್ಬರ ಮುಖ ತೆಗೆಯಬೇಕೇ? ಅಂಚು ಮೃದುಗೊಳಿಸುವುದು ಹೀಗೆ

ನೀವು ಪುಣೆಯ ಹಿಂಜವಾಡಿ ಐಟಿ ಪಾರ್ಕ್‌ನಲ್ಲಿರುವ ಕನ್ನಡಿಗರೇ? ಹಾಗಿದ್ದರೆ 'ಮದುವೆ ಫೋಟೋದಿಂದ ಅಜ್ಜನ ಮುಖ ಮಾತ್ರ ತೆಗೆದುಕೊಡು' ಎಂಬ ಫೋನ್ ಊರಿನಿಂದ ಬಂದಿರಬಹುದು. ನೇರವಾಗಿ ಕ್ರಾಪ್ ಮಾಡಿದರೆ ಕತ್ತರಿ ಆಡಿಸಿದಂತೆ ಕಾಣುತ್ತದೆ. ಅಂಚು ಹಿನ್ನೆಲೆಯಲ್ಲಿ ನಿಧಾನವಾಗಿ ಕರಗುವಂತೆ ಮಾಡುವ ಆಯ್ಕೆಯೇ 'ಫೆದರ್'.

ಮಾಡುವುದು ಹೇಗೆ?
ಮೊದಲು ಫೈಲ್‌ನ ನಕಲು ಇಟ್ಟುಕೊಳ್ಳಿ. ಫೋಟೋಶಾಪ್‌ನ ಲೇಯರ್ಸ್ ಪ್ಯಾನಲ್‌ನಲ್ಲಿ 'ಬ್ಯಾಕ್‌ಗ್ರೌಂಡ್' ಮೇಲೆ ಡಬಲ್ ಕ್ಲಿಕ್ ಮಾಡಿ ಓಕೆ ಕೊಡಿ. ಎಲಿಪ್ಟಿಕಲ್ ಮಾರ್ಕೀ ಟೂಲ್‌ನಿಂದ ಮುಖದ ಸುತ್ತ ಅಂಡಾಕಾರ ಎಳೆಯಿರಿ. ಸೆಲೆಕ್ಟ್ ಮೆನುವಿನ ಮಾಡಿಫೈನಲ್ಲಿ ಫೆದರ್ ಆರಿಸಿ, ಪಿಕ್ಸೆಲ್ ಸಂಖ್ಯೆ ನಮೂದಿಸಿ. ಬಳಿಕ ಪ್ಯಾನಲ್‌ನ ಕೆಳಗಿರುವ 'ಆ್ಯಡ್ ಲೇಯರ್ ಮಾಸ್ಕ್' ಒತ್ತಿ. ಉಚಿತವಾಗಿ ಸಿಗುವ ಗಿಂಪ್‌ನಲ್ಲೂ ಸೆಲೆಕ್ಟ್ ಮೆನುವಿನಲ್ಲೇ ಫೆದರ್ ಇದೆ.

ಎಷ್ಟು ಪಿಕ್ಸೆಲ್?
600 ಪಿಕ್ಸೆಲ್ ಅಗಲದ ಚಿತ್ರಕ್ಕೆ 20 ಸರಿ ಎನಿಸಿದರೆ, ಅದೇ ಚಿತ್ರದ 3000 ಪಿಕ್ಸೆಲ್ ಸ್ಕ್ಯಾನ್‌ಗೆ 100 ಬೇಕು.

ನೆನಪಿಡಿ
ಡಿಲೀಟ್ ಒತ್ತಿ ಸೇವ್ ಮಾಡಿ ಮುಚ್ಚಿದರೆ ಅಳಿದ ಭಾಗ ಮರಳಿ ಬಾರದು. ಮಾಸ್ಕ್ ಅದನ್ನು ಮರೆಮಾಡುತ್ತದೆ ಅಷ್ಟೇ. ಕೆಲಸದ ಫೈಲನ್ನು ಪಿಎಸ್‌ಡಿಯಲ್ಲಿ ಉಳಿಸಿ. ಜೆಪಿಜಿಯಲ್ಲಿ ಪಾರದರ್ಶಕ ಅಂಚು ಉಳಿಯದು, ಹಾಗಾಗಿ ಕಳಿಸಲು ಪಿಎನ್‌ಜಿ ಮಾಡಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಇಂದು ಅಜ್ಜನ ಮುಖ ಸಾಕು. ಪಕ್ಕದಲ್ಲಿ ನಿಂತವರ ಮುಖ ನಾಳೆ ಬೇಕಾಗಬಹುದು.