ದಂಡು ಹೊರಡುವ ಮುನ್ನ

ನಮ್ಮ ನಾಡಿನ ಹಳೆಯ ಯೋಧನನ್ನು ನಾವು ಅವನ ಕೊನೆಯ ದಿನದಲ್ಲಿ ಮಾತ್ರ ಕಾಣುತ್ತೇವೆ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಅವನು ಕಾದುತ್ತಾನೆ, ನಡುವೆ ಅಪ್ಸರೆಯರು ಅವನನ್ನು ಒಯ್ಯುತ್ತಾರೆ, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಆತಕೂರು ಶಾಸನವನ್ನೇ ನೋಡಿ. ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನ ಪರವಾಗಿ ಮೆರೆದ ಮಣಲೇರನ ಪರಾಕ್ರಮ ಅದರಲ್ಲಿದೆ. ಅವನಿಗೆ ಬಾಳ್ಗಚ್ಚಾಗಿ, ಎಂದರೆ ಶೌರ್ಯದ ಕೊಡುಗೆಯಾಗಿ, ಸಿಕ್ಕ ಊರುಗಳ ಹೆಸರಿದೆ. ಅವನು ರಾಜನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಿ ಸತ್ತ ಸಂಗತಿಯೂ ಇದೆ. ಆದರೆ ಮಣಲೇರ ಕತ್ತಿ ಹಿಡಿಯುವುದನ್ನು ಎಲ್ಲಿ ಕಲಿತ, ದಂಡಿಗೆ ಹೊರಡುವ ಮುನ್ನ ಮೈಯನ್ನು ಹೇಗೆ ಹದಗೊಳಿಸಿದ ಎಂಬುದರ ಬಗ್ಗೆ ಕಲ್ಲು ಏನನ್ನೂ ಹೇಳುವುದಿಲ್ಲ. ಕಲ್ಲು ಹೇಳದ್ದನ್ನು ನಾವೂ ಮರೆತೆವು. ಶೌರ್ಯವೆಂದರೆ ಹುಟ್ಟುಗುಣ, ಸ್ವಾಮಿನಿಷ್ಠೆ, ಸಾವಿಗೆ ಅಂಜದ ಮನಸ್ಸು ಎಂದಷ್ಟೇ ಹೇಳಿಕೊಂಡು ಬಂದೆವು. ಅದರ ಹಿಂದಿದ್ದ ನಿತ್ಯದ ದುಡಿಮೆ ನಮ್ಮ ಚರಿತ್ರೆಯಿಂದ ಜಾರಿಹೋಯಿತು. ಇದು ದೊಡ್ಡ ಲೋಪವೆಂದೇ ನನ್ನ ವಾದ.

ಆ ದುಡಿಮೆಯ ಕುರುಹುಗಳು ಬೇರೆ ಕಡೆ ಉಳಿದಿವೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಮಲ್ಲರ ಸಾಧನೆಯನ್ನು ವಿವರವಾಗಿ ಹೇಳುತ್ತದೆ. ಭಾರ ಎತ್ತುವುದು, ಬೆಳಗಿನ ನಡಿಗೆ, ನೀರಿನಲ್ಲಿ ಈಜು, ತೋಳಿನ ಸಾಧನೆ, ಕಂಬದ ಮೇಲಿನ ಕಸರತ್ತು ಇವೆಲ್ಲಕ್ಕೂ ಅಲ್ಲಿ ಬೇರೆಬೇರೆ ಹೆಸರುಗಳಿವೆ. ಮಲ್ಲರನ್ನು ವಯಸ್ಸು, ಬಲ, ಪಳಗಿಕೆಗಳನ್ನು ನೋಡಿ ದರ್ಜೆಗಳಾಗಿ ವಿಂಗಡಿಸಿದ್ದಾನೆ, ಅವರ ಊಟವನ್ನೂ ಗೊತ್ತುಮಾಡಿದ್ದಾನೆ. ಇದಾಗಿ ಸುಮಾರು ನಾಲ್ಕು ಶತಮಾನಗಳ ಬಳಿಕ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮುಂಜಾವನ್ನು ಬಣ್ಣಿಸಿದ್ದಾನೆ. ರಾಯ ನಸುಕಿಗೆ ಮುಂಚೆಯೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಅದನ್ನೇ ತಿಕ್ಕಿಸಿಕೊಳ್ಳುತ್ತಿದ್ದ. ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡುತ್ತಿದ್ದ. ಆಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿ, ಅದು ಮುಗಿದರೆ ಬೆಳಕು ಹರಿಯುವವರೆಗೆ ಬಯಲಿನಲ್ಲಿ ಕುದುರೆ ಓಟ. ಅಂದು ಯುದ್ಧವಿರಲಿ, ಇಲ್ಲದಿರಲಿ, ಈ ಕ್ರಮ ತಪ್ಪುತ್ತಿರಲಿಲ್ಲ.

ಇದು ಅರಸನ ಮಾತಾಯಿತು, ಹೊಲ ಬಿಟ್ಟು ದಂಡಿಗೆ ಬಂದ ಸಾಮಾನ್ಯ ಬಂಟನಿಗೆ ಇಷ್ಟೆಲ್ಲ ಎಲ್ಲಿಂದ ಬರಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ತುರುಗೊಳ್ ಕಾಳಗಗಳಲ್ಲಿ ಊರ ದನ ಬಿಡಿಸಲು ಹೋಗಿ ಮಡಿದವರಲ್ಲಿ ಅನೇಕರು ಅರಮನೆಯ ಪೋಷಣೆ ಕಾಣದವರು. ಆದರೆ ರಾಯನ ಸಾಧನೆಗೂ ಊರಿನ ಗರಡಿಮನೆಯ ಸಾಧನೆಗೂ ಬಗೆಯಲ್ಲಿ ವ್ಯತ್ಯಾಸವಿಲ್ಲ. ಎಣ್ಣೆ, ಕೆಮ್ಮಣ್ಣು, ದಂಡ, ಬಸ್ಕಿ, ಗದೆ ಮತ್ತು ತಿದ್ದಲು ಒಬ್ಬ ಉಸ್ತಾದ್ ಇದ್ದರೆ ಸಾಕು. ವಿಜಯನಗರದ ವ್ಯವಸ್ಥೆಯನ್ನು ನೋಡಿದರೆ ಇದರ ಅಗತ್ಯವೂ ತಿಳಿಯುತ್ತದೆ. ನಾಯಕರಿಗೆ ರಾಜ ಸೀಮೆಗಳನ್ನು ಬಿಟ್ಟುಕೊಟ್ಟು, ಇಷ್ಟು ಕಾಲಾಳು, ಇಷ್ಟು ಕುದುರೆ ತರಬೇಕೆಂದು ಕಟ್ಟುಮಾಡುತ್ತಿದ್ದ. ಬಂದವನನ್ನು ಯೋಧನನ್ನಾಗಿಸುವ ಹೊಣೆ ಹೆಚ್ಚಾಗಿ ನಾಯಕನ ಮೇಲೂ ಆ ಬಂಟನ ಮೇಲೂ ಬೀಳುತ್ತಿತ್ತು. ಮಹಾನವಮಿಯ ಒಂಬತ್ತು ದಿನ ಕುಸ್ತಿಗಳು ನಡೆದು, ಹಬ್ಬ ಮುಗಿದ ಮೇಲೆ ದಂಡನ್ನೆಲ್ಲ ಸಾಲಾಗಿ ನಿಲ್ಲಿಸಿ ರಾಯ ಪರಿಶೀಲಿಸುತ್ತಿದ್ದನೆಂದು ಪಾಯೆಸ್ ಬರೆಯುತ್ತಾನೆ. ಕೊನೆಗೆ ಅವನು ಮೂರು ಬಾಣ ಬಿಡುತ್ತಿದ್ದ. ಯಾವ ರಾಜ್ಯದ ಹೆಸರಿನ ಬಾಣ ಹೆಚ್ಚು ದೂರ ಹೋಯಿತೋ ಅದರ ಮೇಲೆ ಆ ವರ್ಷ ಯುದ್ಧವೆಂಬ ವಾಡಿಕೆ ಇತ್ತಂತೆ. ಮಳೆ ನಿಂತು, ಹೊಳೆ ಇಳಿದು, ದಾರಿ ತೆರೆಯುವ ಕಾಲವದು. ಹಾಗೆಂದು ಸಿದ್ಧತೆಯನ್ನು ಹಬ್ಬದ ಸಂಭ್ರಮವೆಂದು ತಳ್ಳಿಹಾಕಲಾಗದು. ಇದೇ ಕೃಷ್ಣದೇವರಾಯನ ರಾಯಚೂರಿನ ಕಾಳಗ ನಡೆದದ್ದು ಬೇಸಿಗೆಯಲ್ಲಿ. ಕರೆ ಯಾವಾಗ ಬರುವುದೋ ತಿಳಿಯದವನಿಗೆ ಸಾಧನೆ ವರ್ಷವಿಡೀ ನಡೆಯಬೇಕಿತ್ತು. ಹಬ್ಬದ ನಂತರದ ಸಾಲು ಆ ಸಾಧನೆಯ ತಪಾಸಣೆಯಾಗಿತ್ತು.

ಸಿದ್ಧತೆಯೆಂದರೆ ತೋಳಬಲವಷ್ಟೇ ಎಂದುಕೊಂಡಿದ್ದವರಿಗೆ ಹದಿನೈದನೆಯ ಶತಮಾನದಲ್ಲೇ ಪಾಠವಾಗಿತ್ತು. ಬಹಮನಿಗಳ ಎದುರು ಮತ್ತೆಮತ್ತೆ ಸೋಲುತ್ತಿರುವುದೇಕೆಂದು ವಿಜಯನಗರದ ಎರಡನೆಯ ದೇವರಾಯ ತನ್ನವರನ್ನು ಕೇಳಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅವರ ಕುದುರೆಗಳು ಗಟ್ಟಿ, ಅವರ ಬಿಲ್ಲುಗಾರರು ನಿಪುಣರು ಎಂಬುದು ಬಂದ ಉತ್ತರಗಳಲ್ಲಿ ಒಂದು. ಆಗ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು, ಅವರಿಗೆ ಜಹಗೀರು ಕೊಟ್ಟು, ತನ್ನ ಸೈನಿಕರು ಅವರಿಂದ ಬಿಲ್ವಿದ್ಯೆ ಕಲಿಯಬೇಕೆಂದು ಅಪ್ಪಣೆ ಮಾಡಿದ. ಫೆರಿಷ್ತಾ ಬರೆದದ್ದು ಒಂದೂವರೆ ಶತಮಾನದ ನಂತರ, ಅದೂ ಬಿಜಾಪುರದ ಆಸ್ಥಾನದಲ್ಲಿ. ಅವನು ಕೊಡುವ ದೊಡ್ಡ ದೊಡ್ಡ ಸಂಖ್ಯೆಗಳನ್ನು ನಾನು ನಂಬುವುದಿಲ್ಲ. ಆದರೆ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಕಟ್ಟಡ ಹಂಪಿಯಲ್ಲಿ ಶಾಸನಸಹಿತ ನಿಂತಿದೆ. ಕಥೆಯ ತಿರುಳಿಗೆ ಕಲ್ಲಿನ ಸಾಕ್ಷಿ ಇದ್ದಂತಾಯಿತು. ಈ ಕಲಿಕೆಯ ಬಳಿಕ ನಡೆದ 1443ರ ಯುದ್ಧ ರಾಯನ ಪರವಾಗಿ ಮುಗಿಯಲಿಲ್ಲವೆಂಬುದು ನಿಜ. ಆದರೂ ತನ್ನ ದಂಡಿನ ಕೊರತೆಯನ್ನು ಹೆಸರಿಟ್ಟು ಗುರುತಿಸಿ, ಅದನ್ನು ಬಲ್ಲವರನ್ನೇ ಕರೆದು ಕೂರಿಸಿ ಕಲಿಯುವುದು ಯಾವ ಗೆಲುವಿಗೂ ಕಡಿಮೆಯಲ್ಲದ ಧೈರ್ಯ.

ಗರಡಿಯ ಸಾಧನೆಗೆ ಅದರದೇ ಮಿತಿಯೂ ಇತ್ತು. ಫಿರಂಗಿ, ತುಪಾಕಿಗಳ ಮುಂದೆ ಒಬ್ಬೊಬ್ಬನ ಕೈಚಳಕಕ್ಕಿಂತ ಸಾಲಿಗೆ ಸಾಲೇ ಒಟ್ಟಿಗೆ ನಡೆಯುವ ಶಿಸ್ತು ಮುಖ್ಯವಾಯಿತು. ಹದಿನೆಂಟನೆಯ ಶತಮಾನದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ತನ್ನ ದಂಡಿಗಾಗಿ ‘ಫತುಲ್ ಮುಜಾಹಿದೀನ್’ ಎಂಬ ಪರ್ಷಿಯನ್ ಕೈಪಿಡಿಯನ್ನೇ ಬರೆಸಿದ. ಸೈನಿಕನನ್ನು ತಯಾರುಮಾಡುವ ಹೊಣೆ ಊರಿನಿಂದ ಸರ್ಕಾರದ ಕವಾಯತು ಮೈದಾನಕ್ಕೆ ಹೋಯಿತು. ಗರಡಿಗೆ ಕುಸ್ತಿ ಉಳಿಯಿತು. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಮೊದಲ ಹನಿ ರಕ್ತಕ್ಕೇ ನಿಲ್ಲುತ್ತದೆ. ಆ ಒಂದು ಗಳಿಗೆಗಾಗಿ ಜಟ್ಟಿಗಳು ಇಂದಿಗೂ ಮುಂಚಿನಿಂದಲೇ ಸಾಧನೆ ಮಾಡುತ್ತಾರೆ.

ವೀರಗಲ್ಲುಗಳನ್ನು ಹುಡುಕಿ, ಓದಿ, ಪಟ್ಟಿಮಾಡುವ ಕೆಲಸ ನಮ್ಮಲ್ಲಿ ನೂರು ವರ್ಷಗಳಿಗೂ ಮಿಕ್ಕಿ ನಡೆದಿದೆ. ಬೆಂಜಮಿನ್ ಲೂಯಿಸ್ ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳು ಅದಕ್ಕೆ ನೆರವಾದವು. ಊರೂರಿನ ಗರಡಿಮನೆಗಳಿಗೂ ಅಂಥ ಶ್ರದ್ಧೆ ಸಲ್ಲಬೇಕು. ನಿಮ್ಮ ಊರಿನಲ್ಲಿ ಹಳೆಯ ಗರಡಿಯಿದ್ದರೆ ಅಲ್ಲಿನ ಉಸ್ತಾದರ ಪರಂಪರೆ, ಸಾಮಿನ ಕ್ರಮ, ಪಟ್ಟುಗಳ ಹೆಸರು ಎಲ್ಲವನ್ನೂ ಕೇಳಿ ಬರೆದಿಡಿ.